ಇಂಗ್ಲಿಷಿನ ಕಾಗುಣಿತ ಮತ್ತು ಅದರ ಸುಧಾರಕರು

ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸದಲ್ಲಿ ಕೆಲವು ವರ್ಷಗಳನ್ನಾದರೂ ಕಳೆದ ಅಧ್ಯಾಪಕರಿಗೆ ಒಂದು ಸಂಗತಿ ಅನುಭವಕ್ಕೆ ಬಂದಿರಬೇಕು. ವಿದ್ಯಾರ್ಥಿಗಳು ಮಾಡುವ ಕಾಗುಣಿತದ ತಪ್ಪುಗಳಲ್ಲಿ ಬಹುಪಾಲು ಅವಿಚಾರದಿಂದ ಆದವುಗಳಲ್ಲ, ವಿಚಾರದಿಂದಲೇ ಆದವು. ರಾತ್ರಿ ಎಂಬರ್ಥದ ‘ನೈಟ್’ ಶಬ್ದವನ್ನು ಹುಡುಗನು ‘ಕೈಟ್’, ‘ಬೈಟ್’ ಎಂಬ ಶಬ್ದಗಳ ಮಾದರಿಯಲ್ಲಿ ಎನ್-ಐ-ಟಿ-ಇ ಎಂದು ಬರೆಯುತ್ತಾನೆ. ತಾನು ಕಲಿತ ನಿಯಮವನ್ನು ಅವನು ಪಾಲಿಸಿದ್ದಾನೆ. ಪಾಲಿಸದಿರುವುದು ಭಾಷೆ. ಆದರೂ ಪರೀಕ್ಷಕರಾದ ನಾವು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಅಂಕ ಕಳೆಯುವುದು ಹುಡುಗನಿಗೆ. ಈ ಅನ್ಯಾಯವನ್ನು ಕಂಡು ಮರುಗಿದವರು, ಇಂಗ್ಲಿಷನ್ನು ನುಡಿಯುವಂತೆಯೇ ಬರೆಯುವ ಏರ್ಪಾಡು ಆಗಬೇಕೆಂದು ಹೋರಾಡಿದವರು, ಆ ಭಾಷೆಯ ನಾಡಿನಲ್ಲಿಯೇ ನಾನೂರು ವರ್ಷಗಳಿಗೂ ಮೀರಿ ಕಾಣಸಿಗುತ್ತಾರೆ. ಅವರಲ್ಲಿ ದೊಡ್ಡ ವಿದ್ವಾಂಸರಿದ್ದರು, ರಾಜಕಾರಣಿಗಳಿದ್ದರು, ಧನಿಕರಿದ್ದರು. ಹೀಗಿದ್ದೂ ಅವರ ಶ್ರಮ ಬಹುಮಟ್ಟಿಗೆ ವ್ಯರ್ಥವಾಯಿತೇಕೆ, ವ್ಯರ್ಥವಾಗದ ಅಲ್ಪಾಂಶ ಉಳಿದುಕೊಂಡದ್ದು ಹೇಗೆ ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪರಿಭಾಷೆಯ ಬಗ್ಗೆ ಒಂದು ಮಾತು. ‘ಕಾಗುಣಿತ’ವೆಂದರೆ ವಾಸ್ತವವಾಗಿ ನಮ್ಮ ಲಿಪಿಯಲ್ಲಿ ವ್ಯಂಜನಕ್ಕೆ ಸ್ವರಗಳನ್ನು ಕೂಡಿಸುವ ಕ್ರಮ. ಇಂಗ್ಲಿಷಿನ ಅಕ್ಷರಜೋಡಣೆಗೆ ಆ ಹೆಸರು ಸರಿಯಾಗಿ ಒಪ್ಪುವುದಿಲ್ಲ. ಆದರೆ ರೂಢಿಯಲ್ಲಿರುವುದರಿಂದ ಅದನ್ನೇ ಬಳಸಿದ್ದೇನೆ. ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರುಗಳಿಂದ ಸೂಚಿಸಿದ್ದೇನೆ. ಹೀಗೆ ಸೂಚಿಸಹೊರಟಾಗಲೇ ಆ ಲಿಪಿಯ ತೊಡಕು ಕಣ್ಣಿಗೆ ಬೀಳುತ್ತದೆ. ಕನ್ನಡದ ಬಾಲಕನು ‘ಕ’ ಎಂದಾಗ ಅಕ್ಷರದ ಹೆಸರನ್ನೂ ಧ್ವನಿಯನ್ನೂ ಒಟ್ಟಿಗೆ ಉಚ್ಚರಿಸುತ್ತಾನೆ. ‘ಡಬ್ಲ್ಯು’ ಎಂಬ ಹೆಸರಿನಲ್ಲಿ ಆ ಅಕ್ಷರದ ಧ್ವನಿ ಎಲ್ಲಿಯೂ ಇಲ್ಲ. ‘ಎಚ್’ ಎಂಬುದರಲ್ಲಿಯೂ ಇಲ್ಲ. ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ಸರ್ ವಿಲಿಯಂ ಜೋನ್ಸನು 1788ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ, ಪೂರ್ವದೇಶಗಳ ಶಬ್ದಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಬಗೆಯನ್ನು ಚರ್ಚಿಸುತ್ತ, ದೇವನಾಗರಿಯ ವರ್ಣಕ್ರಮದ ಸಹಜತೆಯನ್ನು ಹೊಗಳಿ ತನ್ನ ಸ್ವಂತ ಭಾಷೆಯ ವರ್ಣಮಾಲೆಯೂ ಕಾಗುಣಿತವೂ ನಾಚಿಕೆಗೇಡಾಗಿವೆಯೆಂದು ಒಪ್ಪಿಕೊಂಡನು. ನಮ್ಮವರು ಈ ಮಾತನ್ನು ಕೇಳಿ ಹಿಗ್ಗುವುದುಂಟು. ಹಿಗ್ಗಿಗೆ ಎಷ್ಟು ಆಧಾರವುಂಟೆಂಬುದನ್ನು ಮುಂದೆ ನೋಡೋಣ.

ಇಂಗ್ಲಿಷಿನ ಕಾಗುಣಿತ ಈ ಸ್ಥಿತಿಗೆ ಬಂದ ಕಥೆ ಭಾಷಾಚರಿತ್ರೆಯ ಗ್ರಂಥಗಳಲ್ಲೆಲ್ಲ ಇದೆ. ಸಂಗ್ರಹವಾಗಿ ಹೇಳಿದರೆ ಸಾಕು. 1066ರ ನಾರ್ಮನ್ ವಿಜಯದ ಅನಂತರ ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಲಿಪಿಕಾರರು ಇಂಗ್ಲಿಷನ್ನು ತಮ್ಮ ರೀತಿಯಲ್ಲಿ ಬರೆದರು. 1476ರಲ್ಲಿ ಕ್ಯಾಕ್ಸ್ಟನ್ನನು ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದನು. ಅಚ್ಚು ಕಾಗುಣಿತವನ್ನು ಕ್ರಮೇಣ ಬಿಗಿಮಾಡುತ್ತ ಬಂದ ಕಾಲವೂ, ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನ ಬದಲಿಸುತ್ತಿದ್ದ ಕಾಲವೂ ಒಂದೇ ಆದದ್ದು ಆ ಭಾಷೆಯ ದುರದೃಷ್ಟ. ಚಾಸರನ ಕಾಲದಲ್ಲಿ ವೀರನೆಂಬರ್ಥದ ‘ನೈಟ್’ ಶಬ್ದದ ಆದಿಯ ಕೆ-ಕಾರವೂ ನಡುವಣ ಜಿ-ಎಚ್ ಕೂಡ ಬಾಯಲ್ಲಿ ನುಡಿಯುತ್ತಿದ್ದವು. ನುಡಿ ಹೋಯಿತು, ಬರಹ ನಿಂತಿತು. ಇದರ ಮೇಲೆ ಪಂಡಿತರ ಉಪಕಾರ. ಸಾಲವೆಂಬರ್ಥದ ‘ಡೆಟ್’, ಸಂಶಯವೆಂಬರ್ಥದ ‘ಡೌಟ್’ ಫ್ರೆಂಚಿನಿಂದ ಬಂದಾಗ ಅವುಗಳಲ್ಲಿ ಬಿ ಇರಲಿಲ್ಲ; ಲ್ಯಾಟಿನ್ ಮೂಲವನ್ನು ತೋರಿಸಬೇಕೆಂದು ಅನಂತರ ಸೇರಿಸಿದರು. ದ್ವೀಪವೆಂಬರ್ಥದ ‘ಐಲೆಂಡ್’ ಅಚ್ಚ ಇಂಗ್ಲಿಷ್ ಶಬ್ದ. ಅದಕ್ಕೆ ಲ್ಯಾಟಿನ್ನಿನ ಸಂಬಂಧವೇ ಇಲ್ಲ. ಆದರೆ ಫ್ರೆಂಚ್ ಮೂಲದ ‘ಐಲ್’ ಶಬ್ದದೊಡನೆ ಅದಕ್ಕೆ ನಂಟು ಕಲ್ಪಿಸಿ ಎಸ್ ಒಂದನ್ನು ತುರುಕಿದರು. ಇಂದು ಹುಡುಗನು ಆ ಎಸ್ಸನ್ನು ಬಿಟ್ಟರೆ ತಪ್ಪು. ಪಂಡಿತನು ಸೇರಿಸಿದ್ದು ಮಾತ್ರ ಕಾಗುಣಿತ.

ಸುಧಾರಣೆಯ ಮೊದಲ ಪ್ರಯತ್ನಗಳು 16ನೆಯ ಶತಮಾನದವು. ಸರ್ ಜಾನ್ ಚೀಕ್, ಸರ್ ಥಾಮಸ್ ಸ್ಮಿತ್ ಇಬ್ಬರೂ ಕೇಂಬ್ರಿಜ್ಜಿನಲ್ಲಿ ಗ್ರೀಕ್ ಭಾಷೆಯ ಉಚ್ಚಾರಣೆಯನ್ನು ತಿದ್ದಹೊರಟವರು. ಅಲ್ಲಿಂದ ಅವರ ದೃಷ್ಟಿ ತಮ್ಮ ಭಾಷೆಯ ಬರಹದತ್ತ ತಿರುಗಿದ್ದು ಸಹಜ. ಸ್ಮಿತ್ತನ ಲ್ಯಾಟಿನ್ ಸಂವಾದಗ್ರಂಥ 1568ರಲ್ಲಿ ಹೊರಬಂದಿತು; ಮರುವರ್ಷ ಜಾನ್ ಹಾರ್ಟನ ಪುಸ್ತಕ, 1580ರಲ್ಲಿ ವಿಲಿಯಂ ಬುಲೋಕರನದು. ಇವರಲ್ಲಿ ಹಾರ್ಟನು ಅಂದಿನ ಉಚ್ಚಾರಣೆಯನ್ನು ಸೂಕ್ಷ್ಮವಾಗಿ ದಾಖಲಿಸಿದ್ದರಿಂದ ಭಾಷಾಶಾಸ್ತ್ರಜ್ಞರು ಅವನಿಗೆ ಇಂದಿಗೂ ಋಣಿಗಳು. ಅವನ ಉದ್ದೇಶ ಕೈಗೂಡಲಿಲ್ಲ. ಕೈಗೂಡಿದ್ದು ರಿಚರ್ಡ್ ಮಲ್ಕಾಸ್ಟರನ ಮಾರ್ಗ. ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಈತನು 1582ರ ತನ್ನ ಗ್ರಂಥದಲ್ಲಿ, ಬರಹವನ್ನು ಧ್ವನಿಯೊಂದೇ ಆಳತಕ್ಕದ್ದಲ್ಲ. ಯುಕ್ತಿಗೂ ರೂಢಿಗೂ ಅಲ್ಲಿ ಸಮಪಾಲು ಇದೆ ಎಂದು ವಾದಿಸಿ, ಹೊಸ ಅಕ್ಷರಗಳ ಗೊಡವೆಗೆ ಹೋಗದೆ, ಸಾವಿರಾರು ಶಬ್ದಗಳಿಗೆ ಪಾಠಶಾಲೆಯಲ್ಲಿ ಕಲಿಸಬಹುದಾದ ಒಂದೊಂದು ರೂಪವನ್ನು ಪಟ್ಟಿಮಾಡಿ ಕೊಟ್ಟನು. ಅವುಗಳಲ್ಲಿ ಹಲವು ಇಂದಿನ ರೂಪಗಳೇ ಆಗಿವೆ. ವಿದ್ವಾಂಸರು ಸೋತಲ್ಲಿ ಮೇಷ್ಟರು ಗೆದ್ದದ್ದನ್ನು ವಾಚಕರು ನೆನಪಿನಲ್ಲಿಡಬೇಕು; ಇದು ಮುಂದೆಯೂ ಕಂಡುಬರುವ ಸಂಗತಿ.

ಸುಧಾರಣೆಯ ಪರವಾಗಿಯೂ ವಿರೋಧವಾಗಿಯೂ ಹೇಳಬಹುದಾದದ್ದನ್ನೆಲ್ಲ ಎರಡು ಖಾಸಗಿ ಪತ್ರಗಳಲ್ಲಿ ಓದಬೇಕೆಂಬವರು 1768ರ ಸೆಪ್ಟೆಂಬರಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನಿಗೂ ಮೇರಿ ಸ್ಟೀವನ್ಸನ್ನಳಿಗೂ ನಡುವೆ ನಡೆದ ಪತ್ರವ್ಯವಹಾರವನ್ನು ನೋಡಬೇಕು. ಫ್ರಾಂಕ್ಲಿನ್ನನು ಆಗ ಲಂಡನ್ನಿನಲ್ಲಿ ಆಕೆಯ ತಾಯಿಯ ಮನೆಯಲ್ಲಿ ಬಿಡಾರಮಾಡಿಕೊಂಡಿದ್ದನು. ಸಿ, ಜೆ, ಕ್ಯೂ, ಡಬ್ಲ್ಯು, ಎಕ್ಸ್, ವೈ ಎಂಬ ಆರು ಅಕ್ಷರಗಳನ್ನು ಬಿಟ್ಟು ಹೊಸದಾಗಿ ಆರನ್ನು ಸೇರಿಸಿದ ಒಂದು ವರ್ಣಮಾಲೆಯನ್ನು ಅವನು ಕಲ್ಪಿಸಿ ಆಕೆಗೆ ಕಳುಹಿಸಿದನು. ಆಕೆ ಆ ಹೊಸ ಅಕ್ಷರಗಳಲ್ಲಿಯೇ ಉತ್ತರ ಬರೆದು, ಆ ಉತ್ತರದಲ್ಲಿಯೇ ಅದನ್ನು ಆಕ್ಷೇಪಿಸಿದಳು. ಹೀಗೆ ಬರೆದರೆ ಶಬ್ದಗಳ ವ್ಯುತ್ಪತ್ತಿ ಮರೆಯಾಗುವುದು; ಒಂದೇ ಧ್ವನಿಯ ಬೇರೆಬೇರೆ ಅರ್ಥದ ಶಬ್ದಗಳು ಬರಹದಲ್ಲಿ ಬೆರೆತುಹೋಗುವುವು; ಈವರೆಗೆ ಅಚ್ಚಾದ ಪುಸ್ತಕಗಳೆಲ್ಲ ನಿರುಪಯುಕ್ತವಾಗುವುವು. ಫ್ರಾಂಕ್ಲಿನ್ನನ ಸಮಾಧಾನ ಹೀಗಿದೆ: ವ್ಯುತ್ಪತ್ತಿ ಈಗಲೂ ಅನಿಶ್ಚಿತವೇ, ಶಬ್ದದ ಅರ್ಥ ಇಂದಿನ ಬಳಕೆಯಿಂದ ತಿಳಿಯತಕ್ಕದ್ದು, ಮಾತಿನಲ್ಲಿ ಸಂದರ್ಭದಿಂದ ಅರ್ಥವಾಗುವ ಶಬ್ದ ಬರಹದಲ್ಲಿ ಇನ್ನೂ ಸುಲಭವಾಗಿ ಅರ್ಥವಾಗುವುದು, ಹಳೆಯ ಪುಸ್ತಕಗಳು ಒಮ್ಮೆಲೇ ಅಲ್ಲ, ಮೆಲ್ಲಮೆಲ್ಲನೆ ಹಳತಾಗುವುವು. ಸುಧಾರಣೆಯನ್ನು ತಡಮಾಡಿದಷ್ಟೂ ಕಷ್ಟ ಹೆಚ್ಚುವುದೆಂದೂ, ಕೊನೆಗೆ ಇಂಗ್ಲಿಷ್ ಬರಹ ಚೀನೀಯರ ಲಿಪಿಯಂತೆ ಧ್ವನಿಸಂಬಂಧವನ್ನು ಕಳೆದುಕೊಳ್ಳುವುದೆಂದೂ ಅವನು ಎಚ್ಚರಿಸಿದನು.

ಈ ವಾದದಲ್ಲಿ ಫ್ರಾಂಕ್ಲಿನ್ನನೇ ಮೇಲಾದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ತರ್ಕದ ಮಟ್ಟಿಗೆ ಅದು ಒಪ್ಪತಕ್ಕ ಮಾತೇ. ಆದರೆ ಆಕೆಯ ಮೂರನೆಯ ಆಕ್ಷೇಪಕ್ಕೆ ಅವನು ಕೊಟ್ಟ ಉತ್ತರ ಸಾಲದು. ಹಳೆಯ ಪುಸ್ತಕ ಮೆಲ್ಲನೆ ಹಳತಾಗುವುದಾದರೂ, ಎರಡು ಬಗೆಯ ಬರಹವನ್ನೂ ಕಲಿಯಬೇಕಾದ ಒಂದು ತಲೆಮಾರು ನಡುವೆ ಇದ್ದೇ ತೀರಬೇಕು. ಆ ತಲೆಮಾರಿನ ಕಷ್ಟವನ್ನು ಯಾರು ಹೊರಬೇಕು? ಕಲಿತು ಮುಗಿಸಿದವರಿಗೆ ಬದಲಾವಣೆಯಿಂದ ನಷ್ಟವೇ ಹೊರತು ಲಾಭವಿಲ್ಲ. ಲಾಭ ಪಡೆಯುವವರು ಇನ್ನೂ ಕಲಿಯದ ಮಕ್ಕಳು. ತೀರ್ಮಾನಮಾಡುವ ಅಧಿಕಾರ ಕಲಿತವರ ಕೈಯಲ್ಲಿ. ಈ ಗಂಟನ್ನು ಬಿಚ್ಚದೆ ಯಾವ ವರ್ಣಮಾಲೆಯನ್ನು ಎಷ್ಟು ಚೆನ್ನಾಗಿ ರಚಿಸಿದರೂ ಪ್ರಯೋಜನವಿಲ್ಲ. ಫ್ರಾಂಕ್ಲಿನ್ನನು ಗಂಟನ್ನು ಬಿಚ್ಚದಿದ್ದರೂ ಕಷ್ಟಪಡುವವರನ್ನು ಮರೆತವನಲ್ಲ. 1786ರಲ್ಲಿ, ಶಾಲೆಯ ಕಲಿಕೆ ಸಾಲದ ತನ್ನ ತಂಗಿ ಜೇನ್ ಮೀಕಂಗೆ ಬರೆದ ಪತ್ರದಲ್ಲಿ, ಕಾಗುಣಿತದ ತಪ್ಪಿಗಾಗಿ ಸಂಕೋಚಪಡಬೇಡ. ನಮ್ಮ ವರ್ಣಮಾಲೆ ಈಗಿರುವಂತೆ ಇರುವವರೆಗೆ ತಪ್ಪೆನಿಸಿಕೊಂಡ ಬರಹವೇ ಹೆಚ್ಚಾಗಿ ಒಳ್ಳೆಯ ಬರಹ ಎಂದು ಧೈರ್ಯಹೇಳಿದ್ದಾನೆ. ಆಗ ಅವನ ವಯಸ್ಸು ಎಂಬತ್ತು. ಪರೀಕ್ಷಕರೆಲ್ಲರೂ ಆ ಪತ್ರವನ್ನು ಒಮ್ಮೆ ಓದುವುದು ಒಳ್ಳೆಯದು.

ಫ್ರಾಂಕ್ಲಿನ್ನನಿಂದ ಸ್ಫೂರ್ತಿ ಪಡೆದ ನೋವಾ ವೆಬ್‌ಸ್ಟರನೇ ಈ ಚರಿತ್ರೆಯಲ್ಲಿ ಗೆದ್ದವನೆಂದು ಹೇಳಬಹುದಾದ ಒಬ್ಬ ವ್ಯಕ್ತಿ. ಅವನ ಗೆಲವಿನ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. 1789ರಲ್ಲಿ ಫ್ರಾಂಕ್ಲಿನ್ನನಿಗೆ ಅರ್ಪಿಸಿದ ಭಾಷಾಪ್ರಬಂಧಗಳ ಅನುಬಂಧದಲ್ಲಿ ಅವನು ಉಗ್ರ ಸುಧಾರಕ. ನುಡಿಯದ ಅಕ್ಷರಗಳನ್ನೆಲ್ಲ ಕಿತ್ತುಹಾಕಬೇಕೆಂಬುದು ಅವನ ಮತ. ಅಲ್ಲಿ ಅವನು ಹೇಳುವ ಒಂದು ಕಾರಣ ಧ್ವನಿಶಾಸ್ತ್ರದ್ದಲ್ಲ, ರಾಜಕಾರಣದ್ದು: ಅಮೆರಿಕದ ಕಾಗುಣಿತ ಬೇರೆಯಾದರೆ ಇಂಗ್ಲೆಂಡಿನವರು ಅದನ್ನು ಅನುಸರಿಸಲಾರರು, ಆಗ ಪುಸ್ತಕಗಳನ್ನು ಅಮೆರಿಕದಲ್ಲಿಯೇ ಅಚ್ಚುಹಾಕಬೇಕಾಗುವುದು, ಹೊಸ ರಾಷ್ಟ್ರಕ್ಕೆ ತನ್ನದೇ ಭಾಷಾಗೌರವವೂ ಮುದ್ರಣೋದ್ಯಮವೂ ದೊರಕುವುವು. ಆದರೆ 1806ರ ಸಣ್ಣ ನಿಘಂಟನ್ನೂ 1828ರ ದೊಡ್ಡ ನಿಘಂಟನ್ನೂ ತಯಾರಿಸುವ ಹೊತ್ತಿಗೆ ಅವನು ಬಹಳವಾಗಿ ಇಳಿದಿದ್ದನು. ‘ಕಲರ್’, ‘ಆನರ್’ ಶಬ್ದಗಳ ಅಂತ್ಯದಲ್ಲಿದ್ದ ಯು ಹೋಯಿತು. ‘ಸೆಂಟರ್’ ಶಬ್ದದ ಕೊನೆಯ ಆರ್-ಇ ತಿರುಗಿ ಇ-ಆರ್ ಆಯಿತು. ‘ಮ್ಯೂಸಿಕ್’ ಶಬ್ದದ ಕೊನೆಯಲ್ಲಿ ಜಾನ್ಸನ್ನನು ಇಟ್ಟಿದ್ದ ಕೆ ಬಿದ್ದುಹೋಯಿತು. ಇವೆಲ್ಲ ನಿಂತವು. ಕೊನೆಯದನ್ನು ಇಂಗ್ಲೆಂಡೂ ಒಪ್ಪಿಕೊಂಡಿತು. ಆದರೆ ನಾಲಗೆಯೆಂಬರ್ಥದ ‘ಟಂಗ್’ ಶಬ್ದವನ್ನು ಟಿ-ಯು-ಎನ್-ಜಿ ಎಂದು ಬರೆಯಿರೆಂದಾಗ, ‘ವಿಮೆನ್’ ಶಬ್ದವನ್ನು ಎರಡು ಎಂ ಹಾಕಿ ಧ್ವನಿಗೆ ತಕ್ಕಂತೆ ಬರೆಯಿರೆಂದಾಗ ಅಮೆರಿಕದವರೂ ಕೇಳಲಿಲ್ಲ.

ನಿಂತವುಗಳಿಗೂ ಬಿದ್ದವುಗಳಿಗೂ ಇರುವ ಭೇದವನ್ನು ಗಮನಿಸಬೇಕು. ‘ಕಲರ್’ ಶಬ್ದದಿಂದ ಯು ತೆಗೆದದ್ದರಿಂದ ಆ ಶಬ್ದ ಧ್ವನಿಗೆ ಹತ್ತಿರವಾಗಲಿಲ್ಲ. ಅದರ ಮೊದಲನೆಯ ಓ ಆಗಲೂ ಸುಳ್ಳು ಹೇಳುತ್ತಿತ್ತು, ಈಗಲೂ ಹೇಳುತ್ತಿದೆ. ಅಂದರೆ ವೆಬ್‌ಸ್ಟರನು ಗೆದ್ದದ್ದು ಧ್ವನಿತತ್ತ್ವದ ಬಲದಿಂದಲ್ಲ. ಓದುವ ಕಣ್ಣಿಗೆ ಶಬ್ದದ ಆಕಾರ ಕೆಡದಷ್ಟು ಮಾತ್ರ ಬದಲಿಸಿದಲ್ಲಿ ಗೆದ್ದನು. ಆಕಾರವೇ ಅಪರಿಚಿತವಾದಲ್ಲಿ ಸೋತನು. ಎರಡನೆಯದಾಗಿ, 1783ರಲ್ಲಿ ಮೊದಲು ಅಚ್ಚಾಗಿ, ಮುಂದೆ ನೀಲಿ ರಟ್ಟಿನ ಪುಸ್ತಕವೆಂದು ಮನೆಮಾತಾದ ಕಾಗುಣಿತದ ಪಾಠಪುಸ್ತಕ ಅವನ ಕೈಯಲ್ಲಿತ್ತು. ಅದು ಮುಂದಿನ ಶತಮಾನದುದ್ದಕ್ಕೂ ಕೋಟಿಗಳ ಲೆಕ್ಕದಲ್ಲಿ ಮಾರಾಟವಾಯಿತು. ಕಲಿತವರನ್ನು ಒಲಿಸುವ ಕಷ್ಟ ಅವನಿಗೆ ಬೇಕಾಗಲಿಲ್ಲ. ಮಕ್ಕಳಿಗೆ ಮೊದಲಿನಿಂದಲೇ ತನ್ನ ರೂಪಗಳನ್ನು ಕಲಿಸುವ ಸಾಧನ ಅವನಿಗಿತ್ತು. ಮಲ್ಕಾಸ್ಟರನ ಗೆಲವನ್ನು ಇದರೊಡನೆ ಹೋಲಿಸಿ ನೋಡಬಹುದು.

ಪಾಠಶಾಲೆಯನ್ನು ಬಿಟ್ಟು ಅಧಿಕಾರವನ್ನೂ ಹಣವನ್ನೂ ನಂಬಿದ ಪ್ರಯತ್ನಕ್ಕೆ 1906ರ ಪ್ರಸಂಗ ಉದಾಹರಣೆ. ಆ ವರ್ಷ ಆಂಡ್ರ್ಯೂ ಕಾರ್ನೆಗಿಯ ಧನಸಹಾಯದಿಂದ ಅಮೆರಿಕದಲ್ಲಿ ಸರಳ ಕಾಗುಣಿತ ಮಂಡಲಿ ಸ್ಥಾಪಿತವಾಗಿ, 300 ಶಬ್ದಗಳ ಪಟ್ಟಿಯೊಂದನ್ನು ಹೊರಡಿಸಿತು. ಪಟ್ಟಿಯಲ್ಲಿ ಅನೇಕವು ವೆಬ್‌ಸ್ಟರನ ಕಾಲದಿಂದ ಅಲ್ಲಿ ರೂಢಿಯಲ್ಲಿದ್ದ ರೂಪಗಳೇ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ಆಗಸ್ಟಿನಲ್ಲಿ ಸರ್ಕಾರಿ ಮುದ್ರಣಾಲಯಕ್ಕೆ ಆ ರೂಪಗಳನ್ನು ಬಳಸುವಂತೆ ಆಜ್ಞೆ ಮಾಡಿದನು. ಪತ್ರಿಕೆಗಳು ನಗೆಯಾಡಿದವು, ಡಿಸೆಂಬರಿನಲ್ಲಿ ಪ್ರತಿನಿಧಿಸಭೆ ವಿರೋಧಿಸಿತು, ಆಜ್ಞೆ ಹಿಂದಕ್ಕೆ ಹೋಯಿತು. ಕಾರ್ನೆಗಿ 1919ರಲ್ಲಿ ತೀರಿಕೊಂಡಾಗ ಅವನ ಮರಣಶಾಸನದಲ್ಲಿ ಮಂಡಲಿಗೆ ಹಣವಿರಲಿಲ್ಲ. ‘ಥ್ರೂ’ ಎಂಬುದನ್ನು ಟಿ-ಎಚ್-ಆರ್-ಯು ಎಂದು ಬರೆಯುವುದು ಆ ಪಟ್ಟಿಯಲ್ಲಿದ್ದ ಒಂದು ರೂಪ. ಈ ಲೇಖಕನು ಪರೀಕ್ಷಕನಾಗಿದ್ದಾಗ ಆ ರೂಪಕ್ಕೆ ಅರ್ಧ ಅಂಕ ಕಳೆದದ್ದುಂಟು. ಅದು ಒಂದು ರಾಷ್ಟ್ರದ ಅಧ್ಯಕ್ಷನ ಆಜ್ಞೆಯಲ್ಲಿದ್ದ ರೂಪವೆಂಬುದು ಆಗ ತಿಳಿದಿರಲಿಲ್ಲ.

ಅದೇ ರೂಪವನ್ನು ಷಿಕಾಗೋ ಟ್ರಿಬ್ಯೂನ್ ಪತ್ರಿಕೆ 1934ರಿಂದ ತನ್ನ ಅಂಕಣಗಳಲ್ಲಿ ಬಳಸಿ, 1975ರಲ್ಲಿ ಕೈಬಿಟ್ಟಿತು. ಬಿಡುವಾಗ ಪತ್ರಿಕೆ ಕೊಟ್ಟ ಕಾರಣ ಮನನೀಯವಾಗಿದೆ: ಹುಡುಗನಿಗೂ ಅವನ ಉಪಾಧ್ಯಾಯರಿಗೂ ನಡುವೆ ಇನ್ನು ಜಗಳ ಹುಟ್ಟಿಸಲು ತನಗೆ ಇಷ್ಟವಿಲ್ಲವೆಂದು ಅದು ಹೇಳಿಕೊಂಡಿತು. ದೊಡ್ಡ ನಗರದ ದೊಡ್ಡ ಪತ್ರಿಕೆಯೊಂದು ನಾಲ್ವತ್ತು ವರ್ಷ ಹಟಹಿಡಿದರೂ ಪಾಠಶಾಲೆ ಒಪ್ಪದಿದ್ದರೆ ಏನೂ ಸಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಇಂಗ್ಲೆಂಡಿನಲ್ಲಿ 1908ರಲ್ಲಿ ಹುಟ್ಟಿದ ಸರಳ ಕಾಗುಣಿತ ಸಂಘದಲ್ಲಿ ಸ್ಕೀಟ್, ಗಿಲ್ಬರ್ಟ್ ಮರ್ರೆ, ಡೇನಿಯಲ್ ಜೋನ್ಸ್ ಮೊದಲಾದ ವಿದ್ವಾಂಸರಿದ್ದರು. ಲೇಬರ್ ಪಕ್ಷದ ಸದಸ್ಯ ಮಾಂಟ್ ಫಾಲಿಕ್ ಪಾರ್ಲಿಮೆಂಟಿನಲ್ಲಿ 1949ರಲ್ಲಿ ತಂದ ಮಸೂದೆ 84ಕ್ಕೆ ವಿರುದ್ಧವಾಗಿ 87 ಮತಗಳಿಂದ ಬಿದ್ದುಹೋಯಿತು. ಮೂರೇ ಮತಗಳ ಅಂತರ! 1953ರಲ್ಲಿ ಇನ್ನೊಂದು ಮಸೂದೆ ಎರಡನೆಯ ವಾಚನದಲ್ಲಿ 65ಕ್ಕೆ 53ರಂತೆ ಗೆದ್ದಿತಾದರೂ, ಸಂಶೋಧನೆಗೆ ಪ್ರೋತ್ಸಾಹ ಕೊಡುವೆವೆಂಬ ಸರ್ಕಾರದ ಆಶ್ವಾಸನದ ಮೇಲೆ ಅದನ್ನು ಹಿಂತೆಗೆದುಕೊಂಡರು. ಈ ನಡುವೆ 1950ರಲ್ಲಿ ತೀರಿಕೊಂಡ ಬರ್ನಾರ್ಡ್ ಷಾ ತನ್ನ ಆಸ್ತಿಯ ಒಂದು ಭಾಗವನ್ನು, ಕಡೆಯಪಕ್ಷ ನಲವತ್ತು ಅಕ್ಷರಗಳಿರುವ ಹೊಸ ವರ್ಣಮಾಲೆಯೊಂದರ ರಚನೆಗೆ ಬಿಟ್ಟಿದ್ದನು. ನ್ಯಾಯಾಲಯ 1957ರಲ್ಲಿ ಆ ಭಾಗವನ್ನು ಅಸಿಂಧುವೆಂದು ತೀರ್ಮಾನಿಸಿತು. ರಾಜಿಯಿಂದ ದೊರೆತ ಅಲ್ಪ ಹಣದಲ್ಲಿ ಸ್ಪರ್ಧೆ ನಡೆದು, ಕಿಂಗ್ಸ್‌ಲಿ ರೀಡ್ ಎಂಬಾತನು ಸಿದ್ಧಪಡಿಸಿದ ವರ್ಣಮಾಲೆಯಲ್ಲಿ ಷಾನ ‘ಆಂಡ್ರೊಕ್ಲೀಸ್ ಮತ್ತು ಸಿಂಹ’ ನಾಟಕ 1962ರಲ್ಲಿ ಅಚ್ಚಾಯಿತು.

ಷಾನ ಬುದ್ಧಿಶಕ್ತಿಗೆ ತಲೆಬಾಗುವವರೂ ಅವನ ಮರಣಶಾಸನದ ಒಂದು ವಾಕ್ಯದ ಮುಂದೆ ನಿಲ್ಲಬೇಕಾಗುತ್ತದೆ. ಹೊಸ ಲಿಪಿಯಲ್ಲಿ ಯಾರ ಉಚ್ಚಾರಣೆಯನ್ನು ಬರೆಯಬೇಕು? ದಿವಂಗತ ದೊರೆ ಐದನೆಯ ಜಾರ್ಜನದನ್ನು ಹೋಲುವ ಉಚ್ಚಾರಣೆಯನ್ನು, ಎಂದು ಅವನ ನಿರ್ದೇಶ. ಐರ್ಲೆಂಡಿನಲ್ಲಿ ಹುಟ್ಟಿ ಸಮತಾವಾದವನ್ನು ಸಾರಿದವನು ಕೊನೆಗೆ ದೊರೆಯ ನಾಲಗೆಯನ್ನು ಪ್ರಮಾಣವಾಗಿ ಹಿಡಿಯಬೇಕಾಯಿತು. ಇದನ್ನು ಷಾನ ವಿನೋದವೆಂದು ತಳ್ಳಿಹಾಕುವುದು ಸರಿಯಲ್ಲ. ಧ್ವನಿಯಂತೆ ಬರೆಯಬೇಕೆನ್ನುವವರೆಲ್ಲರೂ ಉತ್ತರಿಸಲೇಬೇಕಾದ ಪ್ರಶ್ನೆ ಇದು. ‘ಫಾರ್’ ಎಂಬಲ್ಲಿನ ರೇಫೆಯನ್ನು ಸ್ಕಾಟ್ಲೆಂಡಿನವನೂ ಅಮೆರಿಕದ ಬಹುಜನರೂ ನುಡಿಯುತ್ತಾರೆ, ಲಂಡನ್ನಿನವನು ನುಡಿಯುವುದಿಲ್ಲ. ‘ಕಪ್’ ಶಬ್ದದ ಸ್ವರ ಇಂಗ್ಲೆಂಡಿನ ಉತ್ತರದಲ್ಲಿ ಬೇರೆ, ದಕ್ಷಿಣದಲ್ಲಿ ಬೇರೆ. ಒಬ್ಬನಿಗೆ ಧ್ವನ್ಯನುಸಾರಿಯಾದ ಬರಹ ಇನ್ನೊಬ್ಬನಿಗೆ ಹೊಸದೊಂದು ಸುಳ್ಳು. ಈಗಿನ ಕಾಗುಣಿತ ಎಲ್ಲರಿಗೂ ಅಷ್ಟಿಷ್ಟು ಸುಳ್ಳಾಗಿರುವುದರಿಂದಲೇ ಎಲ್ಲರಿಗೂ ಸಮಾನವಾದ ಸೊತ್ತಾಗಿದೆ ಎಂದರೆ ತಪ್ಪಾಗಲಾರದು.

ಇಲ್ಲಿ ನಮ್ಮ ಹಿಗ್ಗಿನ ಮಾತಿಗೆ ಬರೋಣ. ಕನ್ನಡವನ್ನು ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ ಎನ್ನುವುದರಲ್ಲಿ ಎರಡನೆಯದು ದಿಟ. ಮೊದಲನೆಯದು ಅರ್ಧ ದಿಟ. ‘ಪಾಲ್’ ಎಂಬುದು ‘ಹಾಲು’ ಆದಾಗ ನಮ್ಮ ಬರಹವೂ ನುಡಿಯನ್ನು ಹಿಂಬಾಲಿಸಿತು. ೞಕಾರ ಱಕಾರಗಳು ಬಾಯಿಂದ ಹೋದಾಗ, ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅವುಗಳಿರುವ ಶಬ್ದಗಳನ್ನು ಎಣಿಸಿ ಹೇಳಿದ್ದರೂ, ಬರಹದಿಂದಲೂ ಹೋದವು. ಕತ್ತಿಯೆಂಬರ್ಥದ ‘ಬಾಳ್’, ಜೀವಿಸು ಎಂಬರ್ಥದ ‘ಬಾೞ್’ ಒಂದಾದವು. ಮೇರಿ ಸ್ಟೀವನ್ಸನ್ನಳು ಹೆದರಿದ್ದು ಇದಕ್ಕೇ. ನಮ್ಮಲ್ಲಿ ಅದು ನಡೆದುಹೋಗಿದೆ, ನಮಗೆ ತೊಂದರೆಯಾಗಿಲ್ಲ. ಆದರೆ ಇಂದು ನಾವು ‘ಮಾಡುತ್ತೇನೆ’ ಎಂದು ಬರೆಯುವುದನ್ನು ಮೈಸೂರಿನವರು ‘ಮಾಡ್ತೀನಿ’, ಮಂಗಳೂರಿನವರು ‘ಮಾಡ್ತೇನೆ’, ಧಾರವಾಡದವರು ‘ಮಾಡ್ತೇನಿ’ ಎನ್ನುತ್ತಾರೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಹಾಲು’ ಎಂಬುದು ‘ಆಲು’ ಆಗಿ ಎಷ್ಟೋ ಕಾಲವಾಯಿತು; ಬರಹ ಈ ಸಲ ಹಿಂಬಾಲಿಸಲಿಲ್ಲ. ಹಿಂಬಾಲಿಸಲಿಲ್ಲವೆಂಬುದಷ್ಟೇ ಅಲ್ಲ, ಆ ಹಳ್ಳಿಯ ಮಗು ಶಾಲೆಯಲ್ಲಿ ಹಕಾರವನ್ನು ಬಿಟ್ಟು ಬರೆದರೆ ನಾವು ನಗುತ್ತೇವೆ. ಇಂಗ್ಲಿಷಿನವರನ್ನು ಟೀಕಿಸುವಾಗ ಇದು ನೆನಪಿರಬೇಕು.

1953ರ ಆಶ್ವಾಸನದ ಫಲವಾಗಿ ಬಂದದ್ದು ಸರ್ ಜೇಮ್ಸ್ ಪಿಟ್‌ಮನ್ನನ ಆರಂಭಿಕ ಬೋಧನೆಯ ವರ್ಣಮಾಲೆ. ಶೀಘ್ರಲಿಪಿಯನ್ನು ರಚಿಸಿದ ಐಸಾಕ್ ಪಿಟ್‌ಮನ್ನನ ಮೊಮ್ಮಗನೀತ. 44 ಅಕ್ಷರಗಳ ಈ ಲಿಪಿಯನ್ನು 1961ರಿಂದ ಬ್ರಿಟನ್ನಿನ ಶಾಲೆಗಳಲ್ಲಿ ಪ್ರಯೋಗಿಸಿದರು. ಮಕ್ಕಳು ಇದರಲ್ಲಿ ಬೇಗ ಓದಕಲಿತರೆಂಬುದು ಸಿದ್ಧವಾಯಿತು. ಆದರೆ ಇದು ಸೇತುವೆ ಮಾತ್ರ. ಎರಡು ಮೂರು ವರ್ಷಗಳಲ್ಲಿ ಮಗು ಹಳೆಯ ಕಾಗುಣಿತಕ್ಕೆ ದಾಟಬೇಕು. ದಾಟಿದ ಮೇಲೆ ಮೊದಲಿನ ಲಾಭ ಬಹುಮಟ್ಟಿಗೆ ಉಳಿಯಲಿಲ್ಲ. 1970ರ ದಶಕದಲ್ಲಿ ಪ್ರಯೋಗ ಕ್ಷೀಣಿಸಿತು. ಪಾಠಶಾಲೆ ಕೈಯಲ್ಲಿದ್ದರೂ ಸಾಲದು. ಪಾಠಶಾಲೆಯ ಹೊರಗಿನ ಅಚ್ಚೂ ಅದೇ ಆಗಿರಬೇಕೆಂಬುದನ್ನು ಇದು ತೋರಿಸುತ್ತದೆ. ವೆಬ್‌ಸ್ಟರನಿಗೆ ಎರಡೂ ಇದ್ದವು.

ಈಗ ಹಳೆಯ ಕಾಗುಣಿತದ ಸಮರ್ಥಕರ ವಾದವನ್ನು ಪರಿಶೀಲಿಸಬೇಕು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರಾಡ್ಲಿ 1913ರಲ್ಲಿ, ಬರಹವು ಮಾತಿನ ನೆರಳು ಮಾತ್ರವಲ್ಲ. ಕಣ್ಣಿನ ಮೂಲಕ ನೇರವಾಗಿ ಅರ್ಥಕ್ಕೆ ಒಯ್ಯುವ ಇನ್ನೊಂದು ಮಾರ್ಗ ಎಂಬ ತತ್ತ್ವವನ್ನು ಪ್ರತಿಪಾದಿಸಿದನು. 1968ರಲ್ಲಿ ಚಾಮ್‌ಸ್ಕಿ ಮತ್ತು ಹ್ಯಾಲೆ ಇನ್ನೂ ಮುಂದೆ ಹೋಗಿ, ಇಂಗ್ಲಿಷಿಗೆ ಈಗಿನ ಕಾಗುಣಿತ ಹೆಚ್ಚುಕಡಮೆ ಅತ್ಯುತ್ತಮವೇ ಸರಿ ಎಂದರು. ಶಬ್ದಗಳ ಬಂಧುತ್ವವನ್ನು ಅದು ಉಳಿಸಿಕೊಳ್ಳುತ್ತದೆಂಬುದು ಅವರ ಆಧಾರ. ‘ಸೈನ್’ ಎಂಬುದರ ಜಿ ನುಡಿಯದಿದ್ದರೂ ‘ಸಿಗ್ನೇಚರ್’ ಎಂಬಲ್ಲಿ ನುಡಿಯುತ್ತದೆ. ಭೂತಕಾಲದ ಇ-ಡಿ ಪ್ರತ್ಯಯ ಒಂದೆಡೆ ಟಕಾರವಾಗಿ, ಒಂದೆಡೆ ಡಕಾರವಾಗಿ, ಇನ್ನೊಂದೆಡೆ ‘ಇಡ್’ ಎಂದು ಕೇಳಿಸಿದರೂ ಬರಹದಲ್ಲಿ ಒಂದೇ. ಓದುಗನು ಕೂಡಲೇ ಗುರುತಿಸುತ್ತಾನೆ.

ಈ ವಾದದಲ್ಲಿ ಸತ್ಯಾಂಶ ದೊಡ್ಡದು. ಪ್ರತ್ಯಯಗಳ ವಿಷಯದಲ್ಲಿ ಅದು ಅಖಂಡನೀಯ. ಆದರೆ ಇದನ್ನು ಇಡೀ ಕಾಗುಣಿತಕ್ಕೆ ವಿಸ್ತರಿಸುವುದನ್ನು ಅಂಗೀಕರಿಸಲಾಗದು. ‘ಐಲೆಂಡ್’ ಶಬ್ದದ ಎಸ್ ಯಾವ ನಿಜವಾದ ಬಂಧುವನ್ನು ತೋರಿಸುತ್ತದೆ? ‘ಕುಡ್’ ಎಂಬಲ್ಲಿನ ಎಲ್, ‘ವುಡ್’ ‘ಶುಡ್’ಗಳನ್ನು ನೋಡಿ ಹಾಕಿಕೊಂಡ ವೇಷ. ಓ-ಯು-ಜಿ-ಎಚ್ ಎಂಬ ಜೋಡಣೆಯನ್ನು ‘ದೋ’, ‘ಥ್ರೂ’, ‘ಕಾಫ್’, ‘ರಫ್’, ‘ಬೌ’ ಎಂಬ ಐದು ಶಬ್ದಗಳಲ್ಲಿ ಐದು ಬಗೆಯಾಗಿ ಓದುವುದರಿಂದ ಇಂದು ಯಾವ ಬಂಧುತ್ವ ಬೆಳಗುತ್ತದೆ? ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ‘ಸಿಗ್ನೇಚರ್’ ಶಬ್ದವನ್ನು ಬಲ್ಲವನಿಗೆ ‘ಸೈನ್’ ಶಬ್ದದ ಜಿ ಉಪಕಾರಿಯಾಗಬಹುದು. ಅದನ್ನು ಬರೆಯಕಲಿಯುವ ಆರು ವರ್ಷದ ಮಗುವಿಗೆ ಆ ದೊಡ್ಡ ಶಬ್ದ ಎಲ್ಲಿ ಗೊತ್ತು? ಸಮರ್ಥಕರು ಕಲಿತು ಮುಗಿಸಿದವನ ಕಣ್ಣಿನಿಂದ ನೋಡಿ ಕಾಗುಣಿತವನ್ನು ಹೊಗಳುತ್ತಾರೆ. 2003ರಲ್ಲಿ ಪ್ರಕಟವಾದ, 13 ಯೂರೋಪೀಯ ಭಾಷೆಗಳ ಮಕ್ಕಳನ್ನು ಹೋಲಿಸಿದ ಅಧ್ಯಯನದಲ್ಲಿ, ಶಾಲೆಯ ಮೊದಲ ವರ್ಷದ ಕೊನೆಗೆ ಅನೇಕ ಭಾಷೆಗಳ ಮಕ್ಕಳು ಪರಿಚಿತ ಶಬ್ದಗಳನ್ನು ಬಹುಮಟ್ಟಿಗೆ ತಪ್ಪಿಲ್ಲದೆ ಓದುತ್ತಿದ್ದರೆ, ಇಂಗ್ಲಿಷ್ ಕಲಿಯುತ್ತಿದ್ದ ಸ್ಕಾಟ್ಲೆಂಡಿನ ಮಕ್ಕಳು ಸುಮಾರು ಮೂರರಲ್ಲೊಂದು ಪಾಲನ್ನು ಮಾತ್ರ ಸರಿಯಾಗಿ ಓದಿದರು. ಅವರು ಐದನೆಯ ವಯಸ್ಸಿಗೇ ಶಾಲೆಗೆ ಸೇರಿದ್ದವರೆಂಬುದನ್ನು ಲೆಕ್ಕಕ್ಕೆ ಹಿಡಿದರೂ ಅಂತರ ಅಲಕ್ಷ್ಯಮಾಡುವಂಥದಲ್ಲ. ಕಾಗುಣಿತ ಅತ್ಯುತ್ತಮವೆಂಬುವರು ಈ ಮಕ್ಕಳಿಗೆ ಉತ್ತರ ಹೇಳಬೇಕು.

ಜರ್ಮನಿಯಲ್ಲಿ 1996ರಲ್ಲಿ ಕಾಗುಣಿತ ಪರಿಷ್ಕಾರವಾಗಿ, ಗದ್ದಲದ ಅನಂತರ 2006ರಲ್ಲಿ ಮತ್ತೆ ತಿದ್ದಲ್ಪಟ್ಟು ಶಾಲೆಗಳಲ್ಲಿ ನೆಲೆಗೊಂಡಿತು. ಅಲ್ಲಿ ಶಾಲೆಗೂ ಸರ್ಕಾರಕ್ಕೂ ಒಂದು ಕೂಡುದಾರಿ ಇತ್ತು. ಇಂಗ್ಲಿಷಿಗೆ ಯಾವ ಅಕಾಡೆಮಿಯೂ ಇಲ್ಲ. ಅದನ್ನಾಡುವ ದೇಶಗಳು ಹಲವು. ಲಂಡನ್ನಿನ ಹಳೆಯ ಸಂಘ ಹೆಸರು ಬದಲಿಸಿಕೊಂಡು ಇಂದಿಗೂ ಇದೆ. ಅದರ ಆಶ್ರಯದಲ್ಲಿ ನಡೆದ ಸಮ್ಮೇಳನ 2021ರಲ್ಲಿ ಆರಿಸಿದ ಯೋಜನೆ ಬಹುಪಾಲು ಶಬ್ದಗಳನ್ನು ಇದ್ದಂತೆಯೇ ಬಿಟ್ಟು ತೀರ ಅಡ್ಡಾದಿಡ್ಡಿಯಾದವುಗಳನ್ನು ಮಾತ್ರ ತಿದ್ದುತ್ತದೆ. ಸ್ಮಿತ್ ಮತ್ತು ಹಾರ್ಟರ ವಂಶದವರು ಕೊನೆಗೆ ಮಲ್ಕಾಸ್ಟರನ ಸಮೀಪಕ್ಕೆ ಬಂದರೆನ್ನಬಹುದು. ಅದನ್ನು ಯಾವ ಸರ್ಕಾರವೂ ಅಂಗೀಕರಿಸಿಲ್ಲ. ಈ ನಡುವೆ ಗಣಕಯಂತ್ರ ತಾನಾಗಿಯೇ ಕಾಗುಣಿತವನ್ನು ತಿದ್ದುತ್ತದೆ. ಸುಧಾರಣೆಯ ಒತ್ತಾಯವನ್ನು ಇದು ಕಡಮೆಮಾಡಿತೆಂದೂ, ಹಳೆಯ ರೂಪಗಳನ್ನು ಮುದ್ರಣಾಲಯಕ್ಕಿಂತ ಬಿಗಿಯಾಗಿ ಕಟ್ಟಿಹಾಕಿತೆಂದೂ ಹೇಳಲವಕಾಶವಿದೆ. ಪರೀಕ್ಷಾಮಂದಿರದೊಳಕ್ಕೆ ಮಾತ್ರ ಆ ಯಂತ್ರಕ್ಕೆ ಪ್ರವೇಶವಿಲ್ಲ.

ಆದ್ದರಿಂದ ನಮ್ಮ ಕಾಲೇಜುಗಳ ಮಟ್ಟಿಗೆ ಒಂದು ಸೂಚನೆ. ಚರಿತ್ರೆ, ಅರ್ಥಶಾಸ್ತ್ರ, ವಿಜ್ಞಾನಗಳ ಪತ್ರಿಕೆಗಳಲ್ಲಿ ಇಂಗ್ಲಿಷ್ ಕಾಗುಣಿತಕ್ಕಾಗಿ ಅಂಕ ಕಳೆಯುವುದಕ್ಕೆ ಯಾವ ನ್ಯಾಯವೂ ಕಾಣುವುದಿಲ್ಲ. ಇಂಗ್ಲಿಷ್ ಪತ್ರಿಕೆಯಲ್ಲಿಯೂ ಎರಡು ಬಗೆಯ ತಪ್ಪುಗಳನ್ನು ಬೇರ್ಪಡಿಸಬಹುದು: ಭಾಷೆಯ ಯಾವುದಾದರೊಂದು ನಿಯಮವನ್ನು ಅನುಸರಿಸಿಯೇ ಬರೆದು ತಪ್ಪಿದ್ದು ಒಂದು, ಪ್ರಶ್ನೆಪತ್ರಿಕೆಯಲ್ಲಿಯೇ ಅಚ್ಚಾಗಿರುವ ಶಬ್ದವನ್ನು ನೋಡದೆ ತಪ್ಪಿದ್ದು ಇನ್ನೊಂದು. ಮೊದಲನೆಯದಕ್ಕೆ ಅಡಿಗೆರೆ ಎಳೆದು ಸರಿಯಾದ ರೂಪವನ್ನು ಬರೆದರೆ ಸಾಕು; ಅಂಕ ಕಳೆಯಬೇಕಾದದ್ದು ಎರಡನೆಯದಕ್ಕೆ.